ಸಂತೆಯೂ ಬೇಕು, ಸ್ವಂತ ಜಗಲಿಯೂ ಬೇಕು

(ಸಂಘದ ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ತಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಪಕ್ಕದ ತಾಲ್ಲೂಕಿನವರಾದ ನಮ್ಮನ್ನು ನೆನಪಿಟ್ಟು ಕರೆಸಿದ್ದೀರಿ. ಅದಕ್ಕೆ ಮೊದಲು ವಂದನೆ. ನಮಗೆ ಕೊಟ್ಟ ವಿಷಯ 'ಸಂಘದ ವ್ಯಾಪಾರಕ್ಕೆ ವೆಬ್‌ಸೈಟ್, ಬ್ಲಾಗ್ ಮತ್ತು ಸಾಮಾಜಿಕ ಜಾಲತಾಣ'. ಆಮಂತ್ರಣ ಪತ್ರಿಕೆಯಲ್ಲಿ ಈ ಸಾಲು ನೋಡಿ ಕೆಲವು ಹಿರಿಯರು "ಇದು ಹುಡುಗರ ಗೋಷ್ಠಿ ಮಾರಾಯ್ರೇ, ನಾವು ಊಟದ ಹೊತ್ತಿಗೆ ಹೋದರಾಯ್ತು" ಅಂದರಂತೆ. ಆದರೂ ಮುಂದಿನ ಸಾಲಿನಲ್ಲೇ ಬಂದು ಕೂತಿದ್ದೀರಿ, ಸಂತೋಷ. ನಾವು ನಮ್ಮ ಸಂಘದಲ್ಲಿ ಈ ಕೆಲಸವನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇವೆ. ಕಂಪ್ಯೂಟರ್ ಇಂಜಿನಿಯರುಗಳೇನೂ ಅಲ್ಲ. ತೋಟ, ಉಪ್ಪಿನಕಾಯಿ ಭರಣಿ, ಹಪ್ಪಳದ ಚಾಪೆ, ಇವುಗಳ ನಡುವೆಯೇ ಕಲಿತದ್ದು. ಹಾಗಾಗಿ ನಮಗೆ ತಿಳಿದ ಭಾಷೆಯಲ್ಲೇ ಹೇಳುತ್ತೇವೆ.

ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಇದರಿಂದ ಅಡಿಕೆ ದರ ಏರುವುದಿಲ್ಲ. ಅಡಿಕೆಗೆ ಟೆಂಡರ್ ಇದೆ. ಶಿರಸಿಯಲ್ಲಿ 1923ರಿಂದ ತೋಟಗಾರ್ಸ್ ಸೇಲ್ ಸೊಸೈಟಿ ಇದೆ, ಮಂಗಳೂರಿನಲ್ಲಿ 1973ರಿಂದ ಕ್ಯಾಂಪ್ಕೊ ಇದೆ. ಅಲ್ಲಿ ಮೂಟೆಗಟ್ಟಲೆ ಮಾಲು, ದೊಡ್ಡ ಖರೀದಿದಾರರು. ನಮ್ಮ ಫೇಸ್‌ಬುಕ್ ಚಿತ್ರ ಚೆನ್ನಾಗಿದೆ ಅಂತ ಯಾರೂ ಕ್ವಿಂಟಲಿಗೆ ನೂರು ರೂಪಾಯಿ ಜಾಸ್ತಿ ಕೂಗುವುದಿಲ್ಲ. ಹಾಗೆಯೇ, ಸಂಘ ಬರೀ ಸಾಲ, ಗೊಬ್ಬರ, ರೇಷನ್ನು ಇಷ್ಟನ್ನೇ ಮಾಡುವುದಾದರೆ ಇದೆಲ್ಲ ಬೇಡ, ಕಚೇರಿಯ ನೋಟಿಸ್ ಬೋರ್ಡೇ ಸಾಕು. ವೆಬ್‌ಸೈಟ್ ಮಾಡಿಸಿ ಅಂತ ಮನೆಮನೆಗೆ ಬರುವವರ ಮಾತು ಕೇಳಿ ಸುಮ್ಮನೆ ದುಡ್ಡು ಹಾಕಬೇಡಿ.

ಇದು ಬೇಕಾಗುವುದು ಟೆಂಡರ್ ಇಲ್ಲದ ಮಾಲಿಗೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿಪ್ಪೆ, ಬಾಳೆಹಣ್ಣಿನ ಸುಕೇಳಿ, ಜೇನುತುಪ್ಪ, ಜೋನಿಬೆಲ್ಲ. ಇವಕ್ಕೆ ಹರಾಜು ಕಟ್ಟೆ ಇಲ್ಲ. ಪೇಟೆಯ ಅಂಗಡಿಯವರು ಹೇಳಿದ್ದೇ ದರ, ಅದೂ ಮಾಲು ಖರ್ಚಾದ ಮೇಲೆ. ಅಲ್ಲಿಂದ ಅದು ಬೆಂಗಳೂರಿಗೆ ಹೋಯಿತೋ ಬೊಂಬಾಯಿಗೆ ಹೋಯಿತೋ, ತಿಂದವರು ಖಾರ ಜಾಸ್ತಿ ಅಂದರೋ ಕಡಿಮೆ ಅಂದರೋ, ಇಲ್ಲಿ ಕೂತು ಹಪ್ಪಳ ಒತ್ತಿದ ಅಕ್ಕ ತಂಗಿಯರಿಗೆ ತಿಳಿಯುವುದೇ ಇಲ್ಲ. ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ಮಾಲು ಹಾಕಿದರೂ ಹಣೆಬರಹ ಹೆಚ್ಚು ಬದಲಾಗುವುದಿಲ್ಲ. ದಲಾಲಿ ಅವರಿಗೆ, ಗಿರಾಕಿಯೂ ಅವರಿಗೇ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರಲ್ಲ, ಅದರ ತಿರುಳೇನು? ರೈತನ ಲೆಕ್ಕ ಸಾಹುಕಾರನ ಪೆಟ್ಟಿಗೆಯಲ್ಲಿ ಇರುವ ಬದಲು ರೈತರದೇ ಪೆಟ್ಟಿಗೆಯಲ್ಲಿ ಇರುವುದು. ಸಾಲದ ಲೆಕ್ಕ ನಮ್ಮ ಪೆಟ್ಟಿಗೆಗೆ ಬಂದು ನೂರು ವರ್ಷ ದಾಟಿತು. ಗಿರಾಕಿಯ ಲೆಕ್ಕ ಮಾತ್ರ ಇನ್ನೂ ಬೇರೆಯವರ ಪೆಟ್ಟಿಗೆಯಲ್ಲೇ ಇದೆ. ನಮ್ಮ ಉಪ್ಪಿನಕಾಯಿ ಯಾರು ತಿನ್ನುತ್ತಾರೆ, ಅವರ ಊರು ಯಾವುದು, ಮತ್ತೆ ಯಾವಾಗ ಬೇಕಾಗುತ್ತದೆ ಅನ್ನುವುದು ಸಂಘಕ್ಕೆ ಗೊತ್ತಿರಬೇಕು. ಇವತ್ತಿನ ನಮ್ಮ ಮಾತೆಲ್ಲ ಇಷ್ಟಕ್ಕೇ.

ಈಗ ಈ ಜಾಲತಾಣಗಳ ವಿಚಾರ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಇವೆಲ್ಲ ಸಂತೆ ಇದ್ದ ಹಾಗೆ. ಜನ ಅಲ್ಲಿ ಸೇರುತ್ತಾರೆ, ನಾವೂ ಹೋಗಲೇಬೇಕು. ಸಂತೆಗೆ ಹೋಗದೆ ಮನೆಯಲ್ಲೇ ಕೂತರೆ ಸೌತೆಕಾಯಿ ಯಾರು ಕೊಳ್ಳುತ್ತಾರೆ? ಆದರೆ ಸಂತೆ ಮಾಳ ನಮ್ಮ ಹೆಸರಿನಲ್ಲಿಲ್ಲ. ಅಲ್ಲಿ ಯಾರ ಅಂಗಡಿ ಮುಂದೆ, ಯಾರದು ಮೂಲೆಯಲ್ಲಿ ಅಂತ ತೀರ್ಮಾನಿಸುವವರು ಬೇರೆ. ಹಿಂದೆ ಫೇಸ್‌ಬುಕ್ ಪುಟದಲ್ಲಿ ಹಾಕಿದ್ದು ಪುಟ ಮೆಚ್ಚಿದವರಲ್ಲಿ ಬಹಳ ಜನರಿಗೆ ಕಾಣುತ್ತಿತ್ತು. ಈಗ ದುಡ್ಡು ಕೊಟ್ಟು ಜಾಹೀರಾತು ಮಾಡದಿದ್ದರೆ ಕೆಲವರಿಗಷ್ಟೇ ಕಾಣುತ್ತದೆ.

ಸಂತೆ ಏಳುವುದೂ ಉಂಟು. ತಮ್ಮ ಸಂಘ ಶುರುವಾದಾಗ ಫೇಸ್‌ಬುಕ್ ಹುಟ್ಟಿಯೇ ಇರಲಿಲ್ಲ, ಅದು ಬಂದದ್ದು 2004ರಲ್ಲಿ. ಅದೇ ವರ್ಷ ಆರ್ಕುಟ್ ಅಂತ ಇನ್ನೊಂದು ಬಂತು. ಆಗ ಕಾಲೇಜಿಗೆ ಹೋಗುತ್ತಿದ್ದವರಿಗೆ ನೆನಪಿರಬಹುದು. 2014ರ ಸೆಪ್ಟೆಂಬರಿನಲ್ಲಿ ಅದನ್ನು ಮುಚ್ಚಿದರು. ಗೂಗಲ್ ಪ್ಲಸ್ 2011ರಲ್ಲಿ ಬಂದು 2019ರಲ್ಲಿ ಹೋಯಿತು. ಟಿಕ್‌ಟಾಕ್ ಅನ್ನು 2020ರ ಜೂನ್ ಕೊನೆಗೆ ನಮ್ಮ ಸರ್ಕಾರವೇ ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಅಭಿಮಾನಿಗಳನ್ನು ಕಟ್ಟಿಕೊಂಡವರ ಅಂಗಡಿ ಒಂದೇ ಸಲಕ್ಕೆ ಬಾಗಿಲು ಹಾಕಿತು. ನಮ್ಮ ಬೆಂಗಳೂರಿನವರೇ ಮಾಡಿದ, ಕನ್ನಡಕ್ಕೆ ಒಳ್ಳೆಯ ಜಾಗ ಕೊಟ್ಟಿದ್ದ 'ಕೂ' 2020ರಲ್ಲಿ ಶುರುವಾಗಿ 2024ರಲ್ಲಿ ನಿಂತಿತು. ಇನ್ನು 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ಸುಮಾರು ಆರು ತಾಸು ಜಗತ್ತಿನಾದ್ಯಂತ ಸ್ತಬ್ಧವಾಗಿದ್ದವು. ನಮ್ಮ ಕಡೆ ಬಹಳ ಜನ ಕರೆಂಟು ಹೋಗಿದೆ, ಟವರ್ ಬಿದ್ದಿದೆ ಅಂದುಕೊಂಡು ಮಲಗಿದರು, ಅದು ಬೇರೆ ಮಾತು.

ಆದ್ದರಿಂದ ಸಂತೆಯ ಜತೆಗೆ ನಮ್ಮದೇ ಒಂದು ಜಗಲಿ ಇರಬೇಕು. ಅದೇ ವೆಬ್‌ಸೈಟು. ಅದಕ್ಕೆ ಒಂದು ಹೆಸರು ಕೊಂಡುಕೊಳ್ಳಬೇಕು, ಡೊಮೈನ್ ಅನ್ನುತ್ತಾರೆ. ಕೊನೆಗೆ ಡಾಟ್ ಇನ್ ಅಂತ ಬರುವ ಹೆಸರಿಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಅಂತಲೂ ಸಿಗುತ್ತದೆ. ಸಹಕಾರ ಸಂಘಗಳಿಗೆಂದೇ ಡಾಟ್ ಕೋಆಪ್ ಅಂತ ಬೇರೆಯೇ ಒಂದು ಇದೆ. ಸೈಟನ್ನು ಇಡುವ ಜಾಗಕ್ಕೆ ಬೇರೆ ಬಾಡಿಗೆ. ಆ ಬಾಡಿಗೆ ಜಾಗ ಸರಿಯಿಲ್ಲ ಅಂತ ನಾಳೆ ಬದಲಾಯಿಸಿದರೂ ಹೆಸರು ನಮ್ಮ ಜತೆಗೇ ಬರುತ್ತದೆ, ಗಿರಾಕಿಗೆ ವಿಳಾಸ ಬದಲಾಗುವುದಿಲ್ಲ.

ಆದರೆ ವೆಬ್‌ಸೈಟ್ ಮಾಡಿಸಿ ಸುಮ್ಮನೆ ಬಿಟ್ಟರೆ ಅದು ಉದ್ಘಾಟನೆಯ ಕಲ್ಲಿನ ಹಾಗೆ. ಅಧ್ಯಕ್ಷರ ಫೋಟೋ, ಸಂಘದ ಧ್ಯೇಯೋದ್ದೇಶ, ಸಂಪರ್ಕಿಸಿ ಅಂತ ಒಂದು ನಂಬರು. ಒಮ್ಮೆ ನೋಡಿದವರು ಮತ್ತೆ ಯಾಕೆ ಬರಬೇಕು? ಬ್ಲಾಗಿನ ಸಲಕರಣೆ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಬ್ಲಾಗ್ ಅಂದರೆ ದಿನಚರಿ ಪುಸ್ತಕ, ಅಷ್ಟೇ. ತಾರೀಕು ಹಾಕಿ ಬರೆಯುವುದು, ಹೊಸದು ಮೇಲೆ, ಹಳೆಯದು ಕೆಳಗೆ. 1999ರಲ್ಲಿ ಬ್ಲಾಗರ್ ಅನ್ನುವ ಸಲಕರಣೆ ಬಂತು, 2003ರಲ್ಲಿ ಅದನ್ನು ಗೂಗಲ್ ಕೊಂಡಿತು. ಅದೇ 2003ರಲ್ಲಿ ವರ್ಡ್‌ಪ್ರೆಸ್ ಬಂತು. ಆ ತಂತ್ರಾಂಶ ಪುಕ್ಕಟೆ. ಇವತ್ತು ಜಗತ್ತಿನ ವೆಬ್‌ಸೈಟುಗಳಲ್ಲಿ ಐದಕ್ಕೆ ಎರಡು ಅದರಲ್ಲೇ ನಡೆಯುತ್ತವೆ. ಅಂದರೆ ಇದು ಕವಿಗಳಿಗೆ, ಲೇಖಕರಿಗೆ ಮಾತ್ರ ಅಂತ ಉಳಿದಿಲ್ಲ, ಅಂಗಡಿಯೂ ಅದರಲ್ಲೇ, ಶಾಲೆಯೂ ಅದರಲ್ಲೇ. ನಮಗೆ ಇದರಿಂದ ಆಗುವ ದೊಡ್ಡ ಉಪಕಾರ ಏನೆಂದರೆ, ಹಪ್ಪಳದ ದರ ಐದು ರೂಪಾಯಿ ಬದಲಾಯಿತು ಅಂತ ಪೇಟೆಯ ಕಂಪ್ಯೂಟರಿನವರಿಗೆ ಫೋನು ಮಾಡಿ ಕಾಯಬೇಕಿಲ್ಲ. ಮೊಬೈಲಿನಲ್ಲಿ ಕಾಗದ ಬರೆದ ಹಾಗೆ ಬರೆದು, ಒಂದು ಗುಂಡಿ ಒತ್ತಿದರೆ ಆಯಿತು.

ಏನು ಬರೆಯುವುದು? ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಎರಡು ಉದಾಹರಣೆ, ಎರಡೂ ಪರದೇಶದ್ದು, ಆದರೆ ನಮಗೆ ಹೊಂದುವಂಥದ್ದು.

ಲಂಡನ್ನಿನಲ್ಲಿ ಸ್ಯಾವಿಲ್ ರೋ ಅನ್ನುವ ಬೀದಿ ಇದೆ. ಅಳತೆ ಕೊಟ್ಟು ಸೂಟು ಹೊಲಿಸುವುದಕ್ಕೆ ಪ್ರಸಿದ್ಧ. ಅಲ್ಲಿ ಪಳಗಿದ ಥಾಮಸ್ ಮಾಹನ್ ಎಂಬ ದರ್ಜಿ 2005ರಲ್ಲಿ 'ಇಂಗ್ಲಿಷ್ ಕಟ್' ಅಂತ ಬ್ಲಾಗ್ ಶುರುಮಾಡಿದರು. ಹೀಗೆ ಮಾಡು ಅಂತ ಹುರಿದುಂಬಿಸಿದವರು ಜಾಹೀರಾತು ಕಂಪನಿಗಳಲ್ಲಿ ದುಡಿದಿದ್ದ ಹ್ಯೂ ಮ್ಯಾಕ್ಲಾಯ್ಡ್ ಎಂಬ ಗೆಳೆಯರು. ದರ್ಜಿ ಅಲ್ಲಿ "ನಮ್ಮಲ್ಲಿ ಉತ್ತಮ ಸೂಟುಗಳು ದೊರೆಯುತ್ತವೆ" ಅಂತ ಬರೆಯುತ್ತ ಕೂರಲಿಲ್ಲ. ಬಟ್ಟೆ ಹೇಗೆ ಕತ್ತರಿಸುವುದು, ಕೈಹೊಲಿಗೆಗೂ ಮಿಷನ್ ಹೊಲಿಗೆಗೂ ಏನು ವ್ಯತ್ಯಾಸ, ಒಂದು ಸೂಟಿಗೆ ಅಷ್ಟು ದುಡ್ಡು ಯಾಕೆ ಬೀಳುತ್ತದೆ, ಇದನ್ನೆಲ್ಲ ಬಿಚ್ಚಿಟ್ಟರು. ಕಸುಬಿನ ಗುಟ್ಟು ಬಿಟ್ಟುಕೊಟ್ಟ ಹಾಗಲ್ಲವೇ ಅಂತ ನಮ್ಮಂಥವರಿಗೆ ಅನ್ನಿಸೀತು. ಆದರೆ ಓದಿದವರು ತಾವೇ ಕತ್ತರಿ ಹಿಡಿದು ಕೂರಲಿಲ್ಲ. ಅಮೆರಿಕದಲ್ಲಿದ್ದವರು ಕೂಡ ಸೂಟು ಹೊಲಿಸಿದರೆ ಇವರ ಹತ್ತಿರವೇ ಅಂತ ಹುಡುಕಿಕೊಂಡು ಬಂದರು.

ಇನ್ನೊಂದು, ಅಮೆರಿಕದ ವರ್ಜೀನಿಯಾದಲ್ಲಿ ಈಜುಕೊಳ ಕೂರಿಸಿಕೊಡುವ ರಿವರ್ ಪೂಲ್ಸ್ ಎಂಬ ಕಂಪನಿ. 2008ರ ಆರ್ಥಿಕ ಕುಸಿತದಲ್ಲಿ ಮುಳುಗುವ ಸ್ಥಿತಿಗೆ ಬಂತು. ಅಂಥ ಕಾಲದಲ್ಲಿ ಈಜುಕೊಳ ಯಾರಿಗೆ ಬೇಕು? ಪಾಲುದಾರರಲ್ಲೊಬ್ಬರಾದ ಮಾರ್ಕಸ್ ಶೆರಿಡನ್ 2009ರಿಂದ ಒಂದೇ ಕೆಲಸ ಹಿಡಿದರು. ಗಿರಾಕಿಗಳು ಕೇಳುವ ಪ್ರತಿಯೊಂದು ಪ್ರಶ್ನೆಗೂ ವೆಬ್‌ಸೈಟಿನಲ್ಲಿ ಉತ್ತರ ಬರೆಯುವುದು. ಎಷ್ಟು ಖರ್ಚಾಗುತ್ತದೆ ಅಂತ ಬರೆದರು. ಉಳಿದ ಕಂಪನಿಗಳು ದರ ಬಾಯಿಬಿಡಲು ಹೆದರುತ್ತಿದ್ದ ಕಾಲ ಅದು. ತಮ್ಮ ಮಾಲಿನ ಕುಂದು ಏನು ಅಂತಲೂ ಬರೆದರು. ಕಂಪನಿ ಉಳಿಯಿತು, ಬೆಳೆಯಿತು.

ನಾವು ಹಿಡಿದದ್ದೂ ಇದೇ ದಾರಿ. ಕಚೇರಿಯ ಫೋನಿನ ಪಕ್ಕ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆವು. ಗಿರಾಕಿ ಏನು ಕೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದಿಡುವುದು. ಹೆಚ್ಚಿನವರು ಕೇಳಿದ್ದು ಒಂದೇ: "ಒಂದು ಕೆಜಿ ಮಿಡಿಗೆ ಇಷ್ಟೊಂದು ರೇಟು ಯಾಕೆ?" ಬೆಂಗಳೂರಿನಲ್ಲಿ ಬೆಳೆದವರಿಗೆ ಅಪ್ಪೆಮಿಡಿ ಅಂದರೆ ಸಣ್ಣ ಮಾವಿನಕಾಯಿ, ಅಷ್ಟೇ ಅಲ್ಲವೇ. ಅದಕ್ಕೆ ನಾವು ಬರೆದೆವು. ಇದು ಹೊಳೆಯಂಚಿನ ಕಾಡುಮರದ ಮಿಡಿ, ನೆಲಕ್ಕೆ ಬಿದ್ದದ್ದು, ಪೆಟ್ಟಾದದ್ದು ಉಪ್ಪಿನಕಾಯಿಗೆ ಬರುವುದಿಲ್ಲ. ಎತ್ತರದ ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ಜಜ್ಜದ ಹಾಗೆ ಕೆಳಗಿಳಿಸಬೇಕು. ಹತ್ತುವವರು ಈಗ ಊರಿಗೆ ಒಬ್ಬಿಬ್ಬರು. ಈ ವರ್ಷ ಬಿಟ್ಟ ಮರ ಬರುವ ವರ್ಷ ಬಿಡುತ್ತದೆ ಅಂತ ಖಾತ್ರಿ ಇಲ್ಲ. ಆರಿಸಿ, ತೊಳೆದು, ಉಪ್ಪಿನಲ್ಲಿ ಹಾಕಿ, ಮಿಡಿ ಮುರುಟುವವರೆಗೆ ಕಾಯಬೇಕು. ಆಮೇಲೆ ಸಾಸಿವೆ, ಮೆಣಸು ಬೀಸಿ ಹಾಕುವುದು. ಜೀರಿಗೆ ಮಿಡಿ ಅಂದರೇನು, ಅನಂತಭಟ್ಟನ ಅಪ್ಪೆಗೆ ಯಾಕೆ ಅಷ್ಟು ಹೆಸರು ಅಂತಲೂ ಎರಡು ಮಾತು. ಮರ ಹತ್ತುವವರ ಫೋಟೋ ಹಾಕಿದೆವು, ಅವರ ಒಪ್ಪಿಗೆ ಕೇಳಿಯೇ. ಆಮೇಲೆ ದರದ ಚೌಕಾಸಿಯ ಫೋನು ಬಂದರೆ "ಇದನ್ನು ಓದಿ" ಅಂತ ಆ ಪುಟದ ವಿಳಾಸ ಕಳಿಸಿದರೆ ಸಾಕಾಗುತ್ತದೆ. ಓದಿದ ಮೇಲೂ ದುಬಾರಿ ಅನ್ನುವವರು ಇದ್ದಾರೆ. ಅವರು ನಮ್ಮ ಗಿರಾಕಿ ಅಲ್ಲ, ಬೇಜಾರಿಲ್ಲ.

ಇನ್ನೊಂದು ಪ್ರಶ್ನೆ, "ನಿಮ್ಮ ಜೇನು ಹರಳುಗಟ್ಟಿದೆ, ಸಕ್ಕರೆ ಬೆರೆಸಿದ್ದೀರಾ?" ಹರಳುಗಟ್ಟುವುದು ಜೇನಿನ ಸ್ವಭಾವ, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ, ಒಲೆಯ ಮೇಲೆ ನೇರವಾಗಿ ಇಡಬೇಡಿ. ಇಷ್ಟು ಬರೆದದ್ದು ನಾಲ್ಕು ಸಾಲು. ಆ ನಾಲ್ಕು ಸಾಲನ್ನು ಓದಿ ಬಂದವರು ಬಹಳ ಜನ, ಜೇನು ಕೊಂಡದ್ದು ಬೇರೆಲ್ಲೋ ಆಗಿದ್ದರೂ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಫೇಸ್‌ಬುಕ್ಕಿನಲ್ಲಿ ಹಾಕಿದ್ದು ಎರಡು ದಿನಕ್ಕೆ ಕೆಳಗೆ ಸರಿದು ಹೋಗುತ್ತದೆ, ಆಮೇಲೆ ಹುಡುಕಿದರೂ ಸಿಗುವುದು ಕಷ್ಟ. ನಮ್ಮ ಸೈಟಿನಲ್ಲಿ ಬರೆದದ್ದು ಅಲ್ಲೇ ಇರುತ್ತದೆ. ಮೂರು ವರ್ಷದ ನಂತರ ದುಬೈಯಲ್ಲೋ ಪುಣೆಯಲ್ಲೋ ಇರುವ ನಮ್ಮ ಕಡೆಯ ಯಾರೋ ರಾತ್ರಿ ಊಟಕ್ಕೆ ಕೂತು ಅಮ್ಮನ ನೆನಪಾಗಿ ಅಪ್ಪೆಮಿಡಿ ಅಂತ ಗೂಗಲ್‌ನಲ್ಲಿ ಬಡಿದರೆ, ಆ ಪುಟ ಎದುರಿಗೆ ಬಂದು ನಿಲ್ಲಬಹುದು. ಹಾಗಾಗಿ ಬರೆಯುವುದು ನಮ್ಮ ಜಗಲಿಯಲ್ಲಿ, ಡಂಗುರ ಹೊಡೆಯುವುದು ಸಂತೆಯಲ್ಲಿ. ಸೈಟಿನಲ್ಲಿ ಪೂರ್ತಿ ಬರೆದು, ಅದರದೊಂದು ಚಿತ್ರ, ಎರಡು ಸಾಲು, ಮತ್ತು ಪುಟದ ವಿಳಾಸವನ್ನು ಫೇಸ್‌ಬುಕ್ಕಿಗೆ, ಇನ್‌ಸ್ಟಾಗ್ರಾಮಿಗೆ, ವಾಟ್ಸಪ್‌ಗೆ ಹಾಕುವುದು. ಹಪ್ಪಳ ಒತ್ತುವುದು, ಜೋನಿಬೆಲ್ಲ ಕುದಿಯುವುದು ಇಂಥದ್ದಕ್ಕೆ ಯೂಟ್ಯೂಬ್ ಒಳ್ಳೆಯದು, ಕಣ್ಣಲ್ಲಿ ನೋಡಿದರೇ ಚೆಂದ.

ಡಂಗುರದ ಶಕ್ತಿ ಎಷ್ಟು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. 2021ರಲ್ಲಿ ಕೊರೋನಾದ ಎರಡನೇ ಅಲೆ ಬಂದಾಗ ಬಾಳೆಕಾಯಿ ಕೇಳುವವರಿರಲಿಲ್ಲ. ಆಗ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು ಬಾಳೆಕಾಯಿ ಹುಡಿಯ ವಿಷಯ ಕೈಗೆತ್ತಿಕೊಂಡರು. 'ಬಾಕಾಹು' ಅಂತ ಅದಕ್ಕೆ ಮುದ್ದಾದ ಹೆಸರೂ ಬಿತ್ತು. ಮನೆಮನೆಯ ಹೆಣ್ಣುಮಕ್ಕಳು ಕಾಯಿ ಹೆಚ್ಚಿ ಒಣಗಿಸಿ ಹುಡಿ ಮಾಡಿ, ಅದರಲ್ಲಿ ದೋಸೆ ಹೊಯ್ದು, ಗುಲಾಬ್ ಜಾಮೂನು ಮಾಡಿ ಫೋಟೋ ಹಾಕಿದರು. ವಾಟ್ಸಪ್‌ನಿಂದ ವಾಟ್ಸಪ್‌ಗೆ ಹಾರಿ, ಆ ವರ್ಷದ ಜುಲೈ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನ ಮಂತ್ರಿಗಳ ಬಾಯಲ್ಲೂ ಆ ಮಾತು ಬಂತು. ಒಂದು ರೂಪಾಯಿ ಜಾಹೀರಾತು ಕೊಡದೆ ಆದ ಕೆಲಸ. ಆದರೆ ಇಂಥ ಸುದ್ದಿ ಕೇಳಿ ಮರುದಿನ ಬೆಳಿಗ್ಗೆ "ನನಗೂ ಎರಡು ಕೆಜಿ ಬೇಕು" ಅಂತ ಹುಡುಕುವವರಿಗೆ ಹೆಸರು, ದರ, ವಿಳಾಸ ಸಿಗಬೇಕಲ್ಲ? ಡೋಲು ಬಾರಿಸಿದರೆ ಜನ ಸೇರುತ್ತಾರೆ. ಸೇರಿದವರನ್ನು ಕೂರಿಸುವುದಕ್ಕೆ ಜಾಗ ಬೇಕು.

ವಾಟ್ಸಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಮಾರಾಟ ನಿಜವಾಗಿ ಕುದುರುವುದು ಅಲ್ಲಿಯೇ. 2018ರಲ್ಲಿ ವಾಟ್ಸಪ್ ಬಿಸಿನೆಸ್ ಅಂತ ಬೇರೆ ಆ್ಯಪ್ ಬಂದಿದೆ, ಪುಕ್ಕಟೆ. ಅದರಲ್ಲಿ ಮಾಲಿನ ಪಟ್ಟಿಯನ್ನು ಚಿತ್ರ, ದರ ಸಮೇತ ಇಡಬಹುದು. ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಏನೆಂದರೆ, ಇದನ್ನು ಕಚೇರಿಯ ಸ್ಥಿರ ದೂರವಾಣಿಯ ನಂಬರಿನಲ್ಲೂ ನೋಂದಾಯಿಸಬಹುದು. ಮೆಸೇಜು ಬಾರದಿದ್ದರೆ ಫೋನು ಕರೆ ಬಂದು ಸಂಖ್ಯೆ ಹೇಳುತ್ತದೆ. ಕಚೇರಿಯ ಲ್ಯಾಂಡ್‌ಲೈನು ಇನ್ನೂ ಇದ್ದರೆ ತೆಗೆಸಬೇಡಿ.

ಗಿರಾಕಿಗಳನ್ನೆಲ್ಲ ಒಂದು ಗ್ರೂಪಿಗೆ ಸೇರಿಸುವುದು ಬೇಡ. ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ, ಬೆಳಗಾದರೆ ಗುಡ್ ಮಾರ್ನಿಂಗ್ ಹೂವು, ಸಂಜೆ ರಾಜಕೀಯ, ನಮ್ಮ ಹಪ್ಪಳ ಅದರಡಿಯಲ್ಲಿ. ಬ್ರಾಡ್‌ಕಾಸ್ಟ್ ಪಟ್ಟಿ ಅಂತ ಇದೆ, ಒಂದು ಪಟ್ಟಿಗೆ 256 ಜನ. ಒಬ್ಬೊಬ್ಬರಿಗೂ ಪ್ರತ್ಯೇಕ ಕಾಗದ ಬಂದ ಹಾಗೆ ಹೋಗುತ್ತದೆ. ಆದರೆ ಸಂಘದ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದು ಒಳ್ಳೆಯದೇ ಅನ್ನುತ್ತೇವೆ, ಬೇಡ ಅನ್ನುವವರಿಗೆ ಕಾಟ ಇಲ್ಲ. ಪಾರ್ಸೆಲಿನ ಜತೆ ಒಂದು ಸಣ್ಣ ಚೀಟಿ ಇಡಿ: 'ನಂಬರು ಉಳಿಸಿಕೊಳ್ಳಿ, ಹೊಸ ಮಾಲು ಬಂದಾಗ ತಿಳಿಸುತ್ತೇವೆ'.

ಈಗ ಸ್ವಲ್ಪ ಕಹಿ ಮಾತು. ಒಂದು ಸಂಘ, ಊರು ಹೆಸರು ಬೇಡ. ಸಂಘದಲ್ಲಿ ಕೆಲಸಕ್ಕಿದ್ದ ಚುರುಕಿನ ಹುಡುಗನೊಬ್ಬ ತನ್ನದೇ ಈಮೇಲು, ತನ್ನದೇ ಮೊಬೈಲ್ ನಂಬರು ಹಾಕಿ ಸಂಘದ ಪುಟ ಮಾಡಿದ. ವೆಬ್‌ಸೈಟಿನ ಹೆಸರನ್ನೂ ತನ್ನ ಹೆಸರಿನಲ್ಲೇ ಕೊಂಡ. ಮೋಸದ ಉದ್ದೇಶ ಖಂಡಿತ ಇರಲಿಲ್ಲ, ಆಡಳಿತ ಮಂಡಳಿ "ಎಂಥದೋ ನೀನೇ ಮಾಡು ಮಾರಾಯ" ಅಂದಿತ್ತು, ಅವನು ಮಾಡಿದ. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಸಿಮ್ ಬದಲಾಯಿತು. ಹೆಸರಿನ ನವೀಕರಣದ ನೋಟಿಸು ಅವನ ಹಳೆಯ ಈಮೇಲಿಗೆ ಹೋಗಿ ಅಲ್ಲೇ ಕೂತಿತು. ಗಡುವು ದಾಟಿ ಸೈಟು ನಿಂತಿತು. ಫೇಸ್‌ಬುಕ್ ಪುಟದ ಪಾಸ್‌ವರ್ಡು ಅವನಿಗೇ ನೆನಪಿಲ್ಲ. ಪುಟ ಮಾತ್ರ ಹಾಗೇ ಇತ್ತು, ಗಿರಾಕಿಗಳು ಅದರಲ್ಲಿ ಆರ್ಡರು ಬರೆಯುತ್ತಲೇ ಇದ್ದರು, ಉತ್ತರ ಕೊಡುವವರಿಲ್ಲ. ಸಂಘ ಮುಳುಗಿತು ಅಂತ ಊರಾಚೆ ಸುದ್ದಿಯಾಯಿತು. ಕಟ್ಟಡ, ಗೋದಾಮು, ಲೆಕ್ಕ ಎಲ್ಲ ಸರಿಯಾಗಿದ್ದ ಸಂಘ ಅದು.

ತಿಜೋರಿಯ ಕೀಲಿಕೈ ಯಾರ ಹತ್ತಿರ ಅಂತ ಠರಾವು ಬರೆಯುವ ನಾವು ಇದರ ಕೀಲಿಕೈಗೆ ಯಾಕೆ ಬರೆಯುವುದಿಲ್ಲ? ಡೊಮೈನು ಸಂಘದ ಹೆಸರಿನಲ್ಲಿ, ಸಂಘದ ಈಮೇಲಿನಲ್ಲಿ ಇರಬೇಕು. ದುಡ್ಡು ಸಂಘದ ಖಾತೆಯಿಂದ ಹೋಗಬೇಕು, ರಸೀದಿ ಫೈಲಿಗೆ. ನವೀಕರಣದ ತಾರೀಕು ವಿಮೆಯ ತಾರೀಕಿನ ಪಕ್ಕದಲ್ಲೇ ಗೋಡೆಯ ಮೇಲೆ ಬರೆದಿರಲಿ. ಪ್ರತಿ ಪುಟಕ್ಕೂ ಕಡಿಮೆಯೆಂದರೆ ಇಬ್ಬರು ಅಧಿಕೃತರು, ಎರಡು ಹಂತದ ಪರಿಶೀಲನೆ. ಪಾಸ್‌ವರ್ಡು ಬರೆದ ಲಕೋಟೆಗೆ ಅರಗು ಹಾಕಿ ತಿಜೋರಿಯಲ್ಲಿಡಿ. ಕೆಲಸ ಬಿಟ್ಟವರಿಂದ ಸ್ಟಾಕು ವಹಿಸಿಕೊಳ್ಳುವ ದಿನವೇ ಇದನ್ನೂ ವಹಿಸಿಕೊಂಡು ಪಾಸ್‌ವರ್ಡು ಬದಲಾಯಿಸಬೇಕು. ಹುಡುಗರ ಮೇಲೆ ಅನುಮಾನ ಪಡಿ ಅಂತ ಹೇಳುತ್ತಿಲ್ಲ. ಸಂಘದ ಸೊತ್ತು ಸಂಘದ ಹೆಸರಿನಲ್ಲಿರಲಿ ಅಂತ, ಅಷ್ಟೆ.

ಇನ್ನೊಂದು ಸಂಘದ್ದು ಬೇರೆ ಕಥೆ. ಒಬ್ಬ ಗಿರಾಕಿ ಉಪ್ಪಿನಕಾಯಿಗೆ ಬೂಷ್ಟು ಬಂದಿದೆ ಅಂತ ಫೋಟೋ ಸಮೇತ ಅವರ ಫೇಸ್‌ಬುಕ್ ಪುಟದಲ್ಲಿ ಹಾಕಿದರು. ಸಂಘದವರು ಗಾಬರಿಯಾಗಿ ಅದನ್ನು ಅಳಿಸಿದರು. ಗಿರಾಕಿಗೆ ಸಿಟ್ಟು ಬಂತು, "ನನ್ನ ದೂರನ್ನು ಅಳಿಸಿದರು" ಅಂತ ತಮ್ಮ ಪುಟದಲ್ಲೇ ಬರೆದರು. ಒಂದು ಬಾಟಲಿಯ ಬೂಷ್ಟು ಸಾವಿರ ಜನರಿಗೆ ಕಂಡಿತು. ದೂರು ಬಂದರೆ ಅಳಿಸಬಾರದು. ಎಲ್ಲರಿಗೂ ಕಾಣುವ ಹಾಗೆ ಅದೇ ಜಾಗದಲ್ಲಿ ಉತ್ತರ ಕೊಡಿ. ಯಾವ ತಾರೀಕಿನ ಮಾಲು ಅಂತ ಕೇಳಿ, ಬೇರೆ ಬಾಟಲಿ ಕಳಿಸಿ ಇಲ್ಲವೇ ಹಣ ವಾಪಸು ಮಾಡಿ, ಆ ಭರಣಿಯ ಉಳಿದ ಮಾಲನ್ನು ತಡೆಹಿಡಿದು ನೋಡಿ. ಬೈಗುಳ ಮಾತ್ರ ಇದ್ದರೆ ಅದು ಬೇರೆ, ಅದನ್ನು ತೆಗೆಯಬಹುದು. ಬಾಟಲಿಯ ಮೇಲೆ ತಯಾರಿಸಿದ ತಾರೀಕು, ತಂಡದ ಸಂಖ್ಯೆ ಇರದಿದ್ದರೆ ಏನನ್ನೂ ಪತ್ತೆ ಮಾಡಲಾಗದು. ಎಫ್‌ಎಸ್‌ಎಸ್‌ಎಐ 14 ಅಂಕಿಯ ಸಂಖ್ಯೆ ಹೇಗೂ ಇರಲೇಬೇಕು, ಅದನ್ನು ಸೈಟಿನಲ್ಲೂ ಹಾಕಿ.

ಬರೆಯುವ ಉತ್ಸಾಹದಲ್ಲಿ ಒಂದು ಎಚ್ಚರಿಕೆ. ಜೋನಿಬೆಲ್ಲ ತಿಂದರೆ ಸಕ್ಕರೆ ಕಾಯಿಲೆ ಗುಣ, ಮುರುಗಲಿನಿಂದ ಬೊಜ್ಜು ಮಾಯ ಅಂತೆಲ್ಲ ಬರೆಯಬೇಡಿ. ದಾರಿ ತಪ್ಪಿಸುವ ಆಹಾರ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ಇದೆ. ದಂಡದ ಮಾತು ಹಾಗಿರಲಿ, ನಂಬಿ ತಿಂದವರ ಗತಿ ಏನು? ಹಾಗೆಯೇ ಈ ಸಲ ನಮ್ಮಲ್ಲಿ ಮಿಡಿ ಬಿಟ್ಟಿಲ್ಲ, ಆದ್ದರಿಂದ ಉಪ್ಪಿನಕಾಯಿ ಇಲ್ಲ ಅಂತಲೇ ಬರೆಯಿರಿ. ಆ ವರ್ಷ ಹೊರಗಿನ ಮಿಡಿ ತಂದು ನಮ್ಮ ಚೀಟಿ ಅಂಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಗಿರಾಕಿಗಳು ಮುಂಚೆ ನಮ್ಮ ಮರ, ನಮ್ಮ ಹೊಳೆ ಅಂತೆಲ್ಲ ಓದಿರುತ್ತಾರೆ, ಬಾಯಿಗೆ ಇಟ್ಟ ಕೂಡಲೇ ಗೊತ್ತಾಗುತ್ತದೆ.

ಸಂಘದ ವ್ಯಾಪಾರದ ವಾಟ್ಸಪ್ಪಿನಲ್ಲಿ ಸಾಲ ಬಾಕಿದಾರರ ಪಟ್ಟಿ ಹಾಕುವುದು ಕೆಲವು ಕಡೆ ನಡೆದಿದೆ. ದಯವಿಟ್ಟು ಬೇಡ. ವಸೂಲಿಗೆ ಕಾನೂನಿನ ದಾರಿ ಇದೆ. ಬಾಕಿ ಇರುವವರ ಮಕ್ಕಳೂ ಆ ಚಿತ್ರ ನೋಡುತ್ತಾರೆ. ಗಿರಾಕಿಗಳ ನಂಬರು, ವಿಳಾಸಕ್ಕೂ ಇದೇ ಮಾತು, ಯಾರಿಗೂ ಕೊಡಬಾರದು. 2023ರಲ್ಲಿ ಸಂಸತ್ತು ಇದಕ್ಕಾಗಿಯೇ ಕಾಯ್ದೆ ಮಾಡಿದೆ. ಹಣದ ವಿಷಯದಲ್ಲಿ, ಸಂಘಕ್ಕೆ ಬರುವ ಹಣ ಸಂಘದ ಖಾತೆಯ ಕ್ಯೂಆರ್ ಮೂಲಕವೇ ಬರಲಿ. ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ: ಹಣ ಪಡೆಯಲು ಯುಪಿಐ ಪಿನ್ ಹೊಡೆಯಬೇಕಿಲ್ಲ. "ದೊಡ್ಡ ಆರ್ಡರು ಇದೆ, ಮುಂಗಡ ಕಳಿಸಿದ್ದೇನೆ, ಪಿನ್ ಒತ್ತಿ" ಅಂದರೆ ಅದು ಕಳ್ಳರದ್ದೇ. ಫೋನು ಇಟ್ಟುಬಿಡಿ.

ಕೊನೆಯ ಪ್ರಶ್ನೆ ಬರೆಯುವವರು ಯಾರು ಅನ್ನುವುದು. ಪೇಟೆಯ ಏಜೆನ್ಸಿಗೆ ಗುತ್ತಿಗೆ ಕೊಟ್ಟರೆ ಅವರು ಹಬ್ಬಹಬ್ಬಕ್ಕೆ ಶುಭಾಶಯದ ಚಿತ್ರ ಹಾಕುತ್ತಾರೆ, ಮಿಡಿಯ ಸೊನೆಯ ವಾಸನೆ ಅವರಿಗೇನು ಗೊತ್ತು. ಈಗ ಎಐ ಅಂತ ಬಂದಿದೆ, ಕೇಳಿದರೆ ಒಂದು ಪುಟ ಬರೆದು ಕೊಡುತ್ತದೆ. ಕಾಗುಣಿತ ತಿದ್ದುವುದಕ್ಕೆ, ಇಂಗ್ಲಿಷಿಗೆ ತಿರುಗಿಸುವುದಕ್ಕೆ ನಾವೂ ಉಪಯೋಗಿಸುತ್ತೇವೆ. ಆದರೆ ಮೊನ್ನೆ ಆಲಿಕಲ್ಲು ಬಿದ್ದು ಯಾರ ಮರದ ಮಿಡಿ ಉದುರಿತು ಅಂತ ಅದಕ್ಕೆ ತಿಳಿಯುವುದು ಸಾಧ್ಯವೇ? ತಮ್ಮ ಊರಿನಲ್ಲಿ ನಿವೃತ್ತ ಮಾಸ್ತರು ಇದ್ದಾರೆ, ಡಿಗ್ರಿ ಓದಿ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಇದ್ದಾರೆ. ನಮ್ಮಲ್ಲಿ ಬರೆಯುತ್ತಿರುವುದು ಅಂಥವರೇ. ಟೈಪು ಬಾರದವರು ಮೊಬೈಲಿಗೆ ಕನ್ನಡದಲ್ಲಿ ಹೇಳಿದರೆ ಅದೇ ಅಕ್ಷರ ಮಾಡುತ್ತದೆ, ತಪ್ಪು ತಿದ್ದಿಕೊಂಡರಾಯಿತು. ಹದಿನೈದು ದಿನಕ್ಕೊಂದು ಬರಹ ಸಾಕು, ಆದರೆ ತಪ್ಪಬಾರದು. ಅವರ ಕೆಲಸಕ್ಕೆ ಗೌರವಧನ ಕೊಡಿ. ಪುಕ್ಕಟೆ ಮಾಡಿಸಿದ ಕೆಲಸ ಅಡಿಕೆ ಕೊಯ್ಲು ಬಂದ ಕೂಡಲೇ ನಿಲ್ಲುತ್ತದೆ. ಮತ್ತೆ, ವರ್ಷದ ಕೊನೆಗೆ ಮಹಾಸಭೆಯಲ್ಲಿ ಎಷ್ಟು ಲೈಕು ಬಂತು ಅಂತ ಕೇಳಬೇಡಿ. ಎಷ್ಟು ಹೊಸ ಗಿರಾಕಿ, ಅದರಲ್ಲಿ ಎರಡನೇ ಸಲ ತರಿಸಿಕೊಂಡವರು ಎಷ್ಟು, ಒತ್ತಿದ ಹಪ್ಪಳಕ್ಕೆ ಕೈಗೆ ಎಷ್ಟು ಬಂತು ಅಂತ ಕೇಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅಡುಗೆ ಮನೆಯಿಂದ ಅಪ್ಪೆಹುಳಿಯ ಪರಿಮಳವೂ ಬರುತ್ತಿದೆ. ಊಟವಾದ ಮೇಲೆ ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ನಮ್ಮ ಸೈಟನ್ನು ತೆರೆದು ತೋರಿಸುತ್ತೇವೆ, ಬರೆದು ಹಾಕುವುದು ಹೇಗೆ ಅಂತಲೂ. ಹಪ್ಪಳದ ಗುಂಪಿನ ತಾಯಂದಿರು ಮೊದಲು ಬನ್ನಿ, ಮೊದಲ ಬರಹ ನಿಮ್ಮದೇ ಆಗಲಿ.